ಅಮರೇಶನ ಎಂಟು ಕಿಂಡಿಯ ಪೆಟ್ಟಿಗೆ

ಇಳಕಲ್ಲಿನಲ್ಲಿ ಬುದ್ಧಿವಂತನೆಂಬುವನು ಒಬ್ಬನೇ, ಆ ಒಬ್ಬ ತಾನೇ ಎಂಬುದು ಅಮರೇಶನ ಗಟ್ಟಿ ನಂಬಿಕೆ. (ಈ ಗಣತಿ ಮಾಡಿದವನೂ ಅವನೇ.) ಹೈಸ್ಕೂಲಿನ ಗುಮಾಸ್ತನಾಗಿ ಅಲ್ಲಿನ ನಾಲ್ಕು ಕಂಪ್ಯೂಟರುಗಳ ಧೂಳು ಒರೆಸುತ್ತಲೇ ಅವನು ಸಕಲ ತಂತ್ರಜ್ಞಾನವನ್ನೂ ಅರೆದು ಕುಡಿದಿದ್ದ. ಏಳು ತಲೆಮಾರಿನ ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗದಿಂದ ಪಾರಾದವನು ತಾನೆಂಬ ಹೆಮ್ಮೆ ಬೇರೆ.

ಅವನು ಪಾರಾದರೇನು, ಹೆಂಡತಿ ಬನಶಂಕರಿ ಹಿಂದಿನ ಕೋಣೆಯಲ್ಲಿ ಸೀರೆ ನೇಯುತ್ತಲೇ ಇದ್ದಳು. ಬಾಗಲಕೋಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಜರೀನಾ ಅವಳಿಗೊಂದು ಮಾತು ಕೊಟ್ಟಿದ್ದಳು: ರವಿವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ನೇಯ್ದು ತೋರಿಸಬೇಕು, ಕೈಮಗ್ಗವೇ ಎಂದು ಕಣ್ಣಾರೆ ಕಂಡರೆ ವರ್ಷಪೂರ್ತಿ ಇವಳ ಸೀರೆಗಳನ್ನೇ ತರಿಸುವುದು. ಆದರೆ ಆ ಕೋಣೆಯ ಕಲ್ಲುಗೋಡೆ ದಾಟಿ ವೈಫೈ ಬರುತ್ತಿರಲಿಲ್ಲ, ಮೊಬೈಲಿನ ಸಿಗ್ನಲ್ಲೂ ಇಲ್ಲ. ಮಗ್ಗವನ್ನು ಎತ್ತಿ ಅಂಗಳಕ್ಕೆ ತರುವಂತೆಯೂ ಇರಲಿಲ್ಲ.

ಕೇಬಲ್ಲಿನ ಮುದಕಪ್ಪ ಬಂದು ನೋಡಿ, ರೌಟರಿನಿಂದ ಮಗ್ಗದ ಕೋಣೆಗೆ ಉದ್ದನೆಯ ಒಂದು ವೈರು ಸೀದಾ ಎಳೆದರೆ ಸಾಕು ಎಂದ. ಅಮರೇಶನಿಗೆ ನಗು ತಡೆಯಲಾಗಲಿಲ್ಲ. ಒಂದು ವೈರಂತೆ! ಇಂಥವರ ಕೈಯಲ್ಲಿ ಊರಿನ ಇಂಟರ್‌ನೆಟ್ಟು ಸಿಕ್ಕಿದೆಯಲ್ಲ ಎಂದು ಮರುಗಿದ. ಮನೆಗೆ ಬೇಕಾದದ್ದು ನೆಟ್‌ವರ್ಕು. ಅದರ ನಡುವೆ ಎಂಟು ಕಿಂಡಿಯ ಸ್ವಿಚ್ಚು ಪೆಟ್ಟಿಗೆ. ಒಂದು ಕಿಂಡಿಗೆ ರೌಟರಿನ ವೈರು ಸಿಗಿಸಿದರೆ ಉಳಿದವುಗಳಿಂದ ಬೇಕಾದ ಕೋಣೆಗೆಲ್ಲ ಇಂಟರ್‌ನೆಟ್ಟು ಹಂಚಬಹುದು.

ಬನಶಂಕರಿ ಸೀರೆಯಂಚಿನ ದಡಿಯ ನಕ್ಷೆ ಬರೆಯುವ ಚೌಕದ ಹಾಳೆಯ ಮೇಲೇ ಅವನ ಮಹಾಯೋಜನೆ ಮೂಡಿತು. ಮಗ್ಗದ ಕೋಣೆಗೊಂದು ವೈರು, ಟಿವಿಗೊಂದು, ಇನ್ನೂ ಕೊಳ್ಳದ ಪ್ರಿಂಟರಿಗೊಂದು ಕಿಂಡಿ, ಇನ್ನೂ ಕಟ್ಟದ ಮಾಳಿಗೆಗೊಂದು ವೈರು.

"ಮಾಳಗಿ ಕಟ್ಟಿದ ಮ್ಯಾಲ ಅದರ ವೈರ್ ಹಾಕಿದ್ರ ಆಗೂದಿಲ್ಲೇನ್ರಿ?" ಎಂದಳು ಬನಶಂಕರಿ.

"ನೀ ನಿನ್ನ ಎಳಿ ಎಣಸು. ಇದು ನೇಕಾರ ಮಂದಿಗೆ ತಿಳಿಯೂ ವಿಷಯ ಅಲ್ಲ."

ಶನಿವಾರ ಸಂಜೆ ಎಲ್ಲ ಕೂಡಿತು. ಪೆಟ್ಟಿಗೆಯ ದೀಪಗಳು ಮಿನುಗಿದವು, ಮಗ್ಗದ ಪಕ್ಕದ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಓಡಿತು. ಮಾಳಿಗೆಯ ವೈರು ಮಾತ್ರ ಒಂದು ತುದಿ ಕಿಂಡಿಯಲ್ಲಿಟ್ಟು ಇನ್ನೊಂದು ತುದಿ ಜೋತಾಡಿಸುತ್ತ ನಿಂತಿತ್ತು. ರವಿವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಮರೇಶ ವೈರುಗಳನ್ನೆಲ್ಲ ಓರಣ ಮಾಡಿ ಮೇಲೊಂದು ಚೀಟಿ ಅಂಟಿಸಿದ: "ಯಾರೂ ಮುಟ್ಟಬಾರದು."

ಹನ್ನೊಂದಕ್ಕೆ ಲ್ಯಾಪ್‌ಟಾಪಿನಲ್ಲಿ ಜರೀನಾಳ ಬದಲು ಒಂದು ಚಕ್ರ ತಿರುಗುತ್ತಿತ್ತು. ಟಿವಿಯೂ ನಿಂತಿತ್ತು. ಪೆಟ್ಟಿಗೆಯ ದೀಪಗಳು ದೆವ್ವ ಹೊಕ್ಕಂತೆ ಪಟಪಟ ಮಿಟುಕುತ್ತಿದ್ದವು. ಅಮರೇಶ ಅಂಗಳಕ್ಕೆ ಓಡಿ ಮುದಕಪ್ಪನಿಗೆ ಫೋನು ಮಾಡಿ ಅವನ ವಿದ್ಯೆ, ವೈರು, ವಂಶ ಮೂರನ್ನೂ ಜಾಲಾಡಿದ. ಒಳಗೆ ಬಂದು, ಕಸ ಹೊಡೆಯುವಾಗ ಪೆಟ್ಟಿಗೆ ಮುಟ್ಟಿದೆಯಾ ಎಂದು ಹೆಂಡತಿಯನ್ನು ಗದರಿದ. ಅಷ್ಟರಲ್ಲಿ ಅಂಗಳದಲ್ಲೇ ಬಿಟ್ಟು ಬಂದಿದ್ದ ಮೊಬೈಲಿಗೆ ಜರೀನಾಳ ಫೋನೇ ಬಂತು; ಬನಶಂಕರಿ ಓಡಿ ಎತ್ತಿದಳು.

"ಮಷಿನ್ ಸೀರಿ ಇದ್ದವ್ರ ಹಿಂಗ ನೆವ ಹೇಳ್ತಾರ್ರಿ. ಇನ್ನ ಹತ್ತು ನಿಮಿಷ ನೋಡ್ತೇನಿ."

ಬನಶಂಕರಿಗೆ ಅಳುವೇ ಬಂದಿತ್ತು. ಅದನ್ನು ನುಂಗಿಕೊಂಡು ಪೆಟ್ಟಿಗೆಯ ಮುಂದೆ ಕೂತು, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಹರಿದ ಎಳೆ ಹುಡುಕುವಂತೆ ಒಂದೊಂದೇ ವೈರು ಹಿಡಿದು ಬೆರಳಾಡಿಸುತ್ತ ಹೋದಳು. ಒಂದು ವೈರು ಪೆಟ್ಟಿಗೆಯಿಂದ ಹೊರಟು, ಗೋಡೆಯ ಮೊಳೆ ಸುತ್ತಿ, ಮತ್ತೆ ಪೆಟ್ಟಿಗೆಗೇ ಬಂದಿತ್ತು.

"ಈ ಎಳಿ ಹೊಂಟಲ್ಲೇ ಬಂದ ಕೂತೈತಲ್ರಿ. ಇದನ್ನ ಸಿಗಿಸಿದವ್ರ ಯಾರು?"

ಅಮರೇಶ ತನ್ನ ಬೆರಳುಗಳನ್ನು ನೋಡಿಕೊಂಡ. ಬೆಳಿಗ್ಗೆ ಓರಣ ಮಾಡುವಾಗ, ಜೋತಾಡುವ ತುದಿ ಕಂಡ ಕೂಡಲೇ, ಬಿಡಿ ಎಳೆ ಕಂಡರೆ ಕೂಡಿಸಿಬಿಡುವ ಏಳು ತಲೆಮಾರಿನ ಆ ಕೈ ಅವನನ್ನು ಒಂದು ಮಾತೂ ಕೇಳದೆ ಅದನ್ನು ಖಾಲಿ ಕಿಂಡಿಗೆ ಸಿಗಿಸಿಬಿಟ್ಟಿತ್ತು. ಒಂದು ಕಿಂಡಿಯಿಂದ ಹೋದ ಸಂದೇಶವೆಲ್ಲ ಇನ್ನೊಂದರಿಂದ ಒಳಬಂದು, ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತ, ಬೇರೆ ಯಾವುದಕ್ಕೂ ದಾರಿ ಬಿಟ್ಟಿರಲಿಲ್ಲ. ಬನಶಂಕರಿ ತುದಿ ಕಿತ್ತಳು. ದೀಪಗಳು ಮೈಮೇಲೆ ಎಚ್ಚರ ತಂದುಕೊಂಡವು, ಜರೀನಾ ಪರದೆಯ ಮೇಲೆ ಬಂದಳು, ಮಗ್ಗ ನೋಡಿದಳು, ಒಪ್ಪಿದಳು.

ವರ್ಷಪೂರ್ತಿ ಸೀರೆ ಎಂದರೆ ಬನಶಂಕರಿಯ ಎರಡೇ ಕೈ ಸಾಲುವ ಹಾಗಿಲ್ಲ. ಮರುದಿನ ಶಾಲೆಯಿಂದ ಬಂದ ಗಂಡನಿಗೆ ಚಹಾ ಕೊಟ್ಟು, ಮಗ್ಗದ ಹಿಂದೆ ಮಣೆ ಹಾಕಿದಳು.

"ತುದಿ ಕಂಡ್ರ ಸುಮ್ಮನಿರದ ಕೈ ನಿಮ್ದು. ಬರ್ರಿ, ಹೊಸ ಹಾಸಿನ ಎಳಿ ಕೂಡಸೂದೈತಿ."

ಸಾವಿರಾರು ಎಳೆ. ಅಮರೇಶ ತಲೆ ತಗ್ಗಿಸಿ ಹಳೆಯ ಹಾಸಿನ ತುದಿಗೆ ಹೊಸದರ ತುದಿಯನ್ನು ಒಂದೊಂದೇ ಹೊಸೆಯುತ್ತ ಕೂತಿದ್ದಾಗ ಮುದಕಪ್ಪ ವೈರು ಸರಿಯಾಯಿತೇ ಎಂದು ಕೇಳಲು ಬಂದು ಬಾಗಿಲಲ್ಲಿ ನಿಂತ. ಅವನಿಗೂ ನಗು ತಡೆಯಲಾಗಲಿಲ್ಲ.