ಒಲೆಗೆ ಹೋದ ಗುಪ್ತಪದಗಳು

ಸಾಕ್ಷಾತ್ ಶಿವನೇ ಬಂದು ಕೇಳಿದರೂ ಈ ಹಾಳೆಯನ್ನು ತೋರಿಸುವುದಿಲ್ಲ ಎಂದು ಅಫಜಲಪುರದ ನಮ್ಮ ಬೀಜ ಸಂಘದಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೆ. ಅದು ತೊಂಬತ್ತೆಂಟನೆಯ ಇಸವಿ. ಸಂಘಕ್ಕೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದರೊಳಗೆ ಹೋಗಲು ಗುಲಬರ್ಗಾದ ಮುಖ್ಯ ಕಚೇರಿ ಐವತ್ತು ಇಂಗ್ಲಿಷ್ ಶಬ್ದಗಳ ಹಾಳೆ ಕಳಿಸಿತ್ತು. ದಿನಕ್ಕೊಂದು ಶಬ್ದ, ಅದೂ ಪಟ್ಟಿಯ ಕ್ರಮದಲ್ಲೇ. ಒಮ್ಮೆ ಹೊಡೆದದ್ದು ಮತ್ತೆ ನಡೆಯದು. ಅದಕ್ಕೆ ಗೀಟು ಹಾಕಿಬಿಡಬೇಕು.

ಕಚೇರಿಯಲ್ಲಿ ಯಾರನ್ನೂ ನಂಬದ ನಾನು ಹಾಳೆಯನ್ನು ದಿನವೂ ಮನೆಗೆ ತಂದು, ಗೋಡೆಯ ಗೂಡಿನಲ್ಲಿದ್ದ ಹಳೆಯ ಪೇಪರುಗಳ ನಡುವೆ ಅಡಗಿಸುತ್ತಿದ್ದೆ. ಹೆಂಡತಿ ಗುರುಶಾಂತಮ್ಮನಿಗೂ ಹೇಳಿರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ಸ್ನಾನದ ನೀರಿನ ಒಲೆ ಹೊತ್ತಲೊಲ್ಲದು. ಅಂದು ಮಧ್ಯಾಹ್ನ ಹನ್ನೆರಡರೊಳಗೆ ಕಂಪ್ಯೂಟರಿನಿಂದಲೇ ತೊಗರಿ ಬೀಜದ ಬೇಡಿಕೆ ಕಳಿಸಬೇಕು. ತಪ್ಪಿದರೆ ಗೊಬ್ಬೂರಿನ ರೈತರಿಗೆ ಬಿತ್ತನೆಯ ಹೊತ್ತಿಗೆ ಬೀಜವಿಲ್ಲ. ಅವಸರದಲ್ಲಿ ಗೂಡಿಗೆ ಕೈಹಾಕಿ ಒಂದು ಹಿಡಿ ಪೇಪರ್ ಎಳೆದು ಒಲೆಗೆ ತುರುಕಿದೆ. ಬೆಂಕಿ ಧಗ್ಗೆಂದಿತು. ನೀರು ಕಾಯಿತು, ಮಿಂದೆ. ಅಂಗಿ ತೊಟ್ಟು ಗೂಡು ತಡಕಿದರೆ ಹಾಳೆಯೇ ಇಲ್ಲ.

ಮೊದಲು ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ಒಲೆಯ ಕಡೆ ಕೈ ತೋರಿಸಿದಳು. ಹೊಸ ಹಾಳೆ ಟಪಾಲಿನಲ್ಲಿ ಬರಲು ಎಂಟು ದಿನ ಬೇಕು. ಒದ್ದೆ ತಲೆಯಲ್ಲೇ ನೆಲಕ್ಕೆ ಕುಸಿದು ಕುಳಿತು, ಆ ಹಾಳೆ ಎಂಥದೆಂದು ಎಲ್ಲ ಬಾಯಿಬಿಟ್ಟೆ.

"ಅದಕ್ಯಾಕ ಹಿಂಗ ಕುಂತೀರಿ? ನಿನ್ನಿ ಯಾವುದು ಹೊಡದ್ರಿ?"

"ಲ್ಯಾಂಪ್."

"ಹಂಗಾರ ಇವತ್ತು ಗೋಟ್. ಜಿ, ಓ, ಎ, ಟಿ. ಗೋಟ್ ಅಂದ್ರ ಆಡು."

ಗೂಡು ಒರೆಸುವಾಗ ಅವಳಿಗೆ ಹಾಳೆ ಕಂಡಿತ್ತಂತೆ. ನಲವತ್ತೆಂಟರ ವಯಸ್ಸಿನಲ್ಲಿ ಗಂಡ ಕದ್ದುಮುಚ್ಚಿ ಇಂಗ್ಲಿಷ್ ಕಲಿಯುತ್ತಿದ್ದಾನೆ, ಕಲಿತದ್ದಕ್ಕೆ ಗೀಟು ಹಾಕುತ್ತಿದ್ದಾನೆ ಎಂದುಕೊಂಡಳು. ತಾನೇಕೆ ಹಿಂದುಳಿಯಬೇಕೆಂದು ಐವತ್ತನ್ನೂ ಬಾಯಿಪಾಠ ಮಾಡಿದ್ದಳು. ಅರ್ಥ ಹೇಳಿಕೊಟ್ಟವಳು ಪಕ್ಕದ ಮನೆಯ ಬಾನುಬಿ ಟೀಚರ್. ಶಿವನಿಗೂ ತೋರಿಸದ ಹಾಳೆಯ ಮೇಲೆ ನಮ್ಮ ಓಣಿಯಲ್ಲಿ ದಿನವೂ ಪರೀಕ್ಷೆ ನಡೆಯುತ್ತಿತ್ತು!

ದಾರಿಯುದ್ದಕ್ಕೂ 'ಗೋಟ್, ಗೋಟ್' ಎಂದು ಜಪಿಸುತ್ತ ಸೈಕಲ್ ತುಳಿದೆ. ಕಂಪ್ಯೂಟರ್ ಒಳಗೆ ಬಿಟ್ಟುಕೊಂಡಿತು. ಹನ್ನೊಂದೂವರೆಗೆ ಬೇಡಿಕೆ ಹೋಯಿತು. ನಾನು ಬಿಟ್ಟ ನಿಟ್ಟುಸಿರಿಗೆ ಮೇಜಿನ ಕಾಗದಗಳೆಲ್ಲ ಹಾರಿದವು.

ಮುಂದೆ ದಿನವೂ ರೊಟ್ಟಿಯ ಜೊತೆಗೆ ಒಂದೊಂದು ಶಬ್ದ ಕಟ್ಟಿಕೊಟ್ಟಳು. ಹೊಸ ಹಾಳೆ ಬಂದಾಗ ನಾನೇ ತಲೆಬಾಗಿ ಅವಳ ಕೈಗಿಟ್ಟೆ. ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದವಳು ಮುಖ ಸಿಂಡರಿಸಿದಳು.

"ಎಲ್ಲಾ ಸಸಾರ ಅವ ರೀ. ಮುಂದಿನ ಸಲ ಸ್ವಲ್ಪ ಕಠಿಣ ಶಬ್ದ ಕಳಸ್ರಿ ಅಂತ ನಿಮ್ಮ ಸಾಹೇಬರಿಗಿ ಬರೀರಿ."