ಅಪ್ಪಚ್ಚಿಯೂ ಟೈಮಿಂಗ್ ಬೆಲ್ಟೂ

ನಮ್ಮ ಅಪ್ಪಚ್ಚಿಗೆ ಕಾರು ಬಿಡಲು ಬರುವುದಿಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿಸಿ ಹುಡುಕಿದರೂ ಅವರಷ್ಟು ಜೋರಾಗಿ ಕಾರು ನಡೆಸುವವರು ಇನ್ನೊಬ್ಬರು ಸಿಗಲಿಕ್ಕಿಲ್ಲ! ನಂಬಿಕೆ ಬರಲಿಲ್ಲವೇ? ಒಮ್ಮೆ ಅವರ ಜೊತೆ ಕೂತು ಬನ್ನಿ, ಆಮೇಲೆ ಮಾತಾಡೋಣ.

ಅಪ್ಪಚ್ಚಿ ಎಂದರೆ ನನ್ನ ಅಪ್ಪನ ತಮ್ಮ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಸ್ಟೇರಿಂಗ್ ಹಿಡಿಯುವುದು ಚಿಕ್ಕಮ್ಮ. ಹಿಂದಿನ ಸೀಟಿನ ಎಡತುದಿಯಲ್ಲಿ ಕೂತು 'ಹೋಲ್ಡಾನ್', 'ರೈಟ್' ಎನ್ನುವುದು ಇವರು. ಚಿಕ್ಕಮ್ಮ ಮಹಿಳಾ ತಾಳಮದ್ದಲೆ ತಂಡದಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಾರೆ. ಕಾರ್ಯಕ್ರಮದ ದಿನ ನಾಲ್ವರು ಹೆಂಗಸರು, ಚಂಡೆ, ಮದ್ದಳೆ ಎಲ್ಲ ತುಂಬಿದ ಮೇಲೆ ಅಪ್ಪಚ್ಚಿಗೇ ಜಾಗ ಇರುವುದಿಲ್ಲ. ಹಾಗಂತ ಸುಮ್ಮನಿರುತ್ತಾರೆಯೇ? ಹೊರಗೆ ನಿಂತು, ಬಾಗಿಲು ಹಿಡಿದು, "ಒಳಗೆ ನಡೀರಿ, ಒಳಗೆ ಜಾಗ ಇದೆ!" ಎಂದು ಗದರಿಸುತ್ತಾರೆ.

"ಒಳಗೆ ಅಂದ್ರೆ ಎಲ್ಲಿಗೆ ಭಾವ, ಡಿಕ್ಕಿಗಾ?" ಎಂದು ಒಬ್ಬಾಕೆ ಕೇಳಿದ್ದಕ್ಕೆ, "ಡಿಕ್ಕಿ ಚಂಡೆಗೆ ರಿಸರ್ವ್ ಆಗಿದೆ" ಎಂದು ಗಂಭೀರವಾಗಿಯೇ ಉತ್ತರ ಕೊಟ್ಟರು.

ಕಾರು ಎಷ್ಟು ಗಂಟೆಗೆ ಹೊರಟಿತು, ಎಲ್ಲಿಗೆ ಹೋಯಿತು, ಎಷ್ಟು ಕಿಲೋಮೀಟರ್ ಓಡಿತು, ಎಲ್ಲವೂ ಅವರ ನೋಟುಬುಕ್ಕಿನಲ್ಲಿ ಇದೆ. ಹೀಗಾಗಿ ಬನವಾಸಿ ರಸ್ತೆಯ ಗ್ಯಾರೇಜಿನ ಮೇಸ್ತ್ರಿ ಒಂದು ದಿನ ಬಾನೆಟ್ ಎತ್ತಿ ನೋಡಿ ಮಾತು ತೆಗೆದಾಗ, ಅಪ್ಪಚ್ಚಿ ದಾಖಲೆ ಸಮೇತ ತಯಾರಾಗಿಯೇ ಇದ್ದರು. ಮೇಸ್ತ್ರಿ ಪೂರ್ವದ ಕಡೆಯವನು, ಮಾತಿನಲ್ಲಿ ಧಾರವಾಡದ ಗಾಳಿ.

"ಸಾಹೇಬ್ರ, ಟೈಮಿಂಗ್ ಬೆಲ್ಟ್ ಬದ್ಲಿ ಮಾಡಸ್ರಿ. ಒಂದು ಲಕ್ಷ ಕಿಲೋಮೀಟರ್, ಇಲ್ಲಾ ಎಂಟು ವರ್ಷ. ಯಾವುದು ಮೊದಲು ಬರತೈತೋ ಅದು."

"ಎಂಬತ್ತೆಂಟು ಸಾವಿರ ಆಗಿದೆ. ಇನ್ನೂ ಹನ್ನೆರಡು ಸಾವಿರ ಬಾಕಿ ಇದೆಯಲ್ಲಪ್ಪ!"

"ವರ್ಷ ಒಂಬತ್ತು ಆತಲ್ರಿ!"

"ವರ್ಷ ಆದರೆ ಎಂತ? ಡಿಪೋದಲ್ಲಿ ನಿಂತ ಬಸ್ಸಿಗೆ ಸುಸ್ತಾಗ್ತದಾ?"

"ರಬ್ಬರ್ ಐತ್ರಿ ಅದು. ನಿಂತ್ರೂ ಒಣಗತೈತ್ರಿ."

ಅಪ್ಪಚ್ಚಿ ಒಪ್ಪಲಿಲ್ಲ. ಎಂಜಿನ್ನಿನ ಮೇಲಿನ ಭಾಗವೂ ಕೆಳಗಿನ ಭಾಗವೂ ಒಂದೇ ತಾಳಕ್ಕೆ ತಿರುಗುವಂತೆ ನೋಡಿಕೊಳ್ಳುವ ಹಲ್ಲುಹಲ್ಲಿನ ರಬ್ಬರ್ ಪಟ್ಟಿ ಅದು, ಅಷ್ಟೇ. ಆದರೆ ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲದ ಹಾಗಾಯಿತು! ಬೆಳಿಗ್ಗೆ ಎದ್ದವರೇ ಸ್ಟೀಲ್ ಲೋಟ ತಂದು ಬಾನೆಟ್ಟಿಗೆ ಒತ್ತಿ, ಅದಕ್ಕೆ ಕಿವಿ ಕೊಟ್ಟು ಕೇಳುವುದು. "ಶಬ್ದ ಸರಿ ಇದ್ದು" ಎಂದು ನೋಟುಬುಕ್ಕಿನಲ್ಲಿ ಬರೆಯುವುದು. ಕ್ಷೌರದಂಗಡಿಯಲ್ಲಿ ಕೇಳಿದರು, ಹಲ್ಲಿನ ಡಾಕ್ಟರ ಹತ್ತಿರ ಕೇಳಿದರು (ಬೆಲ್ಟಿಗೂ ಹಲ್ಲಿದೆಯಲ್ಲ!). ಕಡೆಗೆ ನನ್ನ ಮೊಬೈಲಿನಲ್ಲೂ ಹುಡುಕಿಸಿದರು. ಅಲ್ಲೂ ಅದೇ ಉತ್ತರ: ಯಾವುದು ಮೊದಲೋ ಅದು.

"ಈ ಮಾತು ಬರೆದವ ಯಾವ ಆಸಾಮಿ, ಕೂಸೆ? ಅವನನ್ನ ಒಂದ್ಸಲ ನೋಡವು" ಎಂದು ಹಲ್ಲು ಕಡಿದರು. ನಲವತ್ತು ದಾಟಿ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೂ ನಾನು ಅವರಿಗೆ ಇನ್ನೂ ಕೂಸೇ.

ಒಂದು ವಾರದ ಮೇಲೆ ಅಪ್ಪಚ್ಚಿಗೆ ಹೊಸ ಉಪಾಯ ಹೊಳೆಯಿತು. ವರ್ಷವನ್ನಂತೂ ಹಿಂದಕ್ಕೆ ತಳ್ಳಲು ಆಗುವುದಿಲ್ಲ; ಕಿಲೋಮೀಟರನ್ನು ಮುಂದಕ್ಕೆ ಓಡಿಸಬಹುದಲ್ಲ! ಉಳಿದ ಹನ್ನೆರಡು ಸಾವಿರವನ್ನು ಬೇಗ ಬೇಗ ಮುಗಿಸಿಬಿಟ್ಟರೆ ಬೆಲ್ಟು ಪೂರ್ತಿ ಸೇವೆ ಸಲ್ಲಿಸಿ, ಮರ್ಯಾದೆಯಿಂದ ಇಳಿದ ಹಾಗಾಗುತ್ತದೆ. ಇಂಥ ಯೋಚನೆ ಬೇರೆ ಯಾರ ತಲೆಗಾದರೂ ಬಂದೀತೇ? ಬೆಲ್ಟು ಹಳತಾಗಿದೆ, ಆದ್ದರಿಂದ ಅದನ್ನು ಇನ್ನೂ ಹೆಚ್ಚು ಓಡಿಸಬೇಕು!

ಶುರುವಾಯಿತು ನೋಡಿ ಮೆರವಣಿಗೆ! ಬಾಳೆಹಣ್ಣು ತರಲು ಸಿದ್ದಾಪುರ. ತೊಂಡೆಕಾಯಿ ತರಲು ಯಲ್ಲಾಪುರ. ಶಿರಸಿಯಲ್ಲಿ ತೊಂಡೆಕಾಯಿ ಸಿಗುವುದಿಲ್ಲವೇ ಎಂದು ಚಿಕ್ಕಮ್ಮ ಕೇಳಿದರೆ, "ಅಲ್ಲಿದು ಎಳತು" ಎಂದು ಉತ್ತರ. ನಂದೊಳ್ಳಿಯ ದೂರದ ನೆಂಟರ ಮನೆಗೆ ಒಂದೇ ತಿಂಗಳಲ್ಲಿ ಮೂರು ಸಲ ಹೋದೆವು. ಮೂರನೆಯ ಸಲ ಆ ಮನೆಯಾಕೆ ಆಸರಿಗೆಗೆಂದು ಮಜ್ಜಿಗೆ ಕೊಡುತ್ತಾ, "ಭಾವ, ಎಂತಾದ್ರೂ ಕಷ್ಟ ಇದ್ದಾ? ಇದ್ರೆ ಬಾಯಿಬಿಟ್ಟು ಹೇಳಿ" ಎಂದು ಮೆಲ್ಲಗೆ ಕೇಳಿದರು. ಚಿಕ್ಕಮ್ಮ ಲೋಟದೊಳಗೆ ಮುಖ ಹುದುಗಿಸಿಕೊಂಡು ನಕ್ಕರು. ನಾನು ಅಂಗಳಕ್ಕೆ ಎದ್ದು ಹೋದೆ. ಅಪ್ಪಚ್ಚಿ ಮಾತ್ರ ನೋಟುಬುಕ್ ತೆಗೆದು ಕಿಲೋಮೀಟರ್ ಬರೆದುಕೊಂಡರು.

ಹೀಗೆ ನಗುತ್ತಲೇ ಇದ್ದೆವು. ಅಷ್ಟರಲ್ಲಿ ಚಿಕ್ಕಮ್ಮನ ತಂಡಕ್ಕೆ ಕುಮಟಾದಿಂದ ಕರೆ ಬಂತು. ಕುಮಟಾ ಎಂದರೆ ದೇವಿಮನೆ ಘಟ್ಟ ಇಳಿಯಬೇಕು, ತಿರುವಿನ ಮೇಲೆ ತಿರುವು. ಕಾಲೇಜು ಬಿಟ್ಟವಳೇ ಗ್ಯಾರೇಜಿಗೆ ಹೋಗಿ, "ಆ ಬೆಲ್ಟು ಹರಿದರೆ ಏನಾಗ್ತದೆ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಹೇಳಿ ಕೇಳಿ ಹರಿಯೂದಿಲ್ರಿ ಅದು ಮೇಡಂ. ಶಬ್ದನೂ ಇಲ್ಲ, ಸೂಚನೆನೂ ಇಲ್ಲ. ಒಮ್ಮೆಲೇ ಎಂಜಿನ್ ಬಂದ್. ಸ್ಟೇರಿಂಗ್ ಬಿಗಿ ಆಗತೈತ್ರಿ, ಬ್ರೇಕ್ ಕಲ್ಲಾಗತೈತ್ರಿ. ಸಪಾಟು ರಸ್ತೆದಾಗ ಆದ್ರ ಬದಿಗೆ ನಿಲ್ಲಸಬಹುದು. ಘಟ್ಟದಾಗ..." ಎಂದವನು ಅಲ್ಲಿಗೇ ನಿಲ್ಲಿಸಿ ಕೈ ಒರೆಸಿಕೊಂಡ.

ಆ ಸಂಜೆ ಅವರ ಮನೆಗೆ ಹೋಗಿ ಅಪ್ಪಚ್ಚಿಗೆ ಅಷ್ಟನ್ನೂ ಹೇಳಿದೆ. ತಮಾಷೆ ಮಾಡಲಿಲ್ಲ. "ಆ ದಿನ ನೀವು ಕಾರಲ್ಲಿ ಇರೂದಿಲ್ಲೆ ಅಪ್ಪಚ್ಚಿ, ಚಿಕ್ಕಮ್ಮ ಇರ್ತು" ಎಂದೆ. ಒಳಗೆ ಚಿಕ್ಕಮ್ಮ ಕುಮಟಾದ ಪ್ರಸಂಗಕ್ಕೆ ಅರ್ಥ ಕಲಿಯುತ್ತಾ ದೊಡ್ಡ ದನಿಯಲ್ಲಿ ತನ್ನಷ್ಟಕ್ಕೇ ವಾದ ಮಾಡುತ್ತಿದ್ದರು. ಅಪ್ಪಚ್ಚಿ ಬಾಗಿಲ ಹತ್ತಿರ ಹೋಗಿ ಬಹಳ ಹೊತ್ತು ಅದನ್ನೇ ಕೇಳುತ್ತಾ ನಿಂತಿದ್ದರು.

ಮರುದಿನ ಬೆಳಿಗ್ಗೆ ಫೋನು. "ಕೂಸೆ, ಇವತ್ತೇ ಕಾರು ಗ್ಯಾರೇಜಿಗೆ ಬಿಡವು, ಬೆಲ್ಟು ಹಾಕಿಸವು. ನೀನೇ ಬಂದು ಓಡಿಸು. ಅವ್ಳ ಹತ್ರ ಹೇಳಿದ್ನಿಲ್ಲೆ." ನಾವು ಹೋದಾಗ ಗ್ಯಾರೇಜಿನ ಬಾಗಿಲು ಕೂಡ ತೆಗೆದಿರಲಿಲ್ಲ.

ಕೆಲಸ ಮುಗಿಯುವವರೆಗೂ ಅಪ್ಪಚ್ಚಿ ಸ್ಟೂಲಿನಿಂದ ಏಳಲಿಲ್ಲ. ಹಳೆಯ ಬೆಲ್ಟು ಹೊರಗೆ ಬಂದಾಗ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕಪ್ಪಗೆ, ಗಟ್ಟಿಯಾಗಿ, ಹಲ್ಲೆಲ್ಲ ನೆಟ್ಟಗೆ ಇತ್ತು. "ನೋಡು, ಎಂತಾ ಆಜಿಲ್ಲೆ!" ಎಂದು ಒಂದು ಕ್ಷಣ ಅವರ ಮುಖ ಅರಳಿತು. ಮೇಸ್ತ್ರಿ ಅದನ್ನು ಇಸಿದುಕೊಂಡು, ತಿರುಗಿಸಿ, ಹಿಂದಕ್ಕೆ ಮಡಚಿ ತೋರಿಸಿದ. ಹಲ್ಲಿನ ಬುಡಬುಡದಲ್ಲೂ ಕೂದಲಿನಷ್ಟು ಸಣ್ಣ ಬಿರುಕು. ಎರಡು ಹಲ್ಲು ಬುಡ ಬಿಟ್ಟಿದ್ದವು.

ಅಪ್ಪಚ್ಚಿ ಆ ಬಿರುಕುಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ನನ್ನನ್ನೂ ಹಿಂಗೇ ಇಳಿಸಿದ್ದು, ಕೂಸೆ. ಕಾಲು ಗಟ್ಟಿ ಇತ್ತು, ಗಂಟಲು ಗಟ್ಟಿ ಇತ್ತು. ವರ್ಷ ಆತು, ಸಾಕು ಅಂದ್ರು ಡಿಪೋದವ್ರು. ಆ ಸಿಟ್ಟನ್ನ ಈ ರಬ್ಬರ್ ತುಂಡಿನ ಮೇಲೆ ಇಟ್ಕಂಡು, ಅವ್ಳನ್ನ ಇದರ ಮೇಲೆ ಊರೂರು ತಿರುಗಿಸಿದೆ. ಎಂಥಾ ಮನುಷ್ಯ ನಾನು!"

ನಾನು ಅವರ ಬೆನ್ನಿನ ಮೇಲೆ ಕೈಯಿಟ್ಟೆ.

ಮೇಸ್ತ್ರಿ ಹಳೆಯ ಬೆಲ್ಟನ್ನು ಗುಜರಿ ಡಬ್ಬಕ್ಕೆ ಹಾಕಲು ಹೋದ. "ತಡಿಯಪ್ಪ" ಎಂದು ಅಪ್ಪಚ್ಚಿ ಎದ್ದರು. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಇಷ್ಟು ವರ್ಷ ಅವ್ಳನ್ನ ಮನೆಗೆ ತಂದು ಬಿಟ್ಟಿದ್ದು ಇದೇ ಅಲ್ದಾ" ಎಂದರು. ಹಣೆಗೆ, ರೆಪ್ಪೆಗೆ ಎಲ್ಲ ಗ್ರೀಸು ಮೆತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ನಾನೂ ಆ ಬೆಲ್ಟಿಗೆ ಕೈ ಮುಗಿದೆ.