ಬೀಗರೂಟಕ್ಕೆ ಊರನ್ನೇ ಕರೆದ ರಿಯಾಕ್ಟಿವಿಟಿಯವರಿಗೆ

ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕುಗಳ ಮನೆದೇವರೂ, ಒಂದು ಕಡೆ ಚಿವುಟಿದರೆ ಹತ್ತು ಕಡೆ ಅಳುವ ಸೂಕ್ಷ್ಮ ಮನಸ್ಸಿನವರೂ ಆದ ಮಾನ್ಯ ರಿಯಾಕ್ಟಿವಿಟಿಯವರೇ,

ಪೂರಿಗಾಲಿಯಿಂದ ಶೋಭಿತಾ ಮಾಡುವ ನಮಸ್ಕಾರಗಳು. ತಮ್ಮ ಕುಟುಂಬದವರೆಲ್ಲ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮನೆಯ ಹಿರಿಯರು ಸಾರಿಗೆ ಒಂದು ಹರಳು ಉಪ್ಪು ಬಿದ್ದರೂ ಇಡೀ ಅಡುಗೆಯನ್ನು ಮೊದಲಿನಿಂದ ಮಾಡಿ, ಹಳೆಯದರ ಪಕ್ಕ ಇಟ್ಟು ನೋಡಿ, ಬದಲಾದದ್ದನ್ನಷ್ಟೇ ಬಡಿಸುತ್ತಾರೆಂದೂ, ಸಿಗ್ನಲ್ ಎಂಬ ಕಿರಿಯರು ಯಾರು ಯಾರ ಮಾತಿಗೆ ಕಿವಿಗೊಟ್ಟಿದ್ದಾರೆಂದು ಗುರುತಿಟ್ಟುಕೊಂಡು ಅವರಿಗಷ್ಟೇ ಸುದ್ದಿ ಮುಟ್ಟಿಸುತ್ತಾರೆಂದೂ ಬಲ್ಲೆ. ಕಿರಿಯರ ಜಾಣತನಕ್ಕೆ ಮರುಳಾಗಿ ಅವರನ್ನು ಮನೆಗೆ ಕರೆದವಳು ನಾನೇ.

ನನ್ನ ಅಣ್ಣ ಸಂತೋಷನಿಗೆ ಮದ್ದೂರಿನಿಂದ ಹೆಣ್ಣು ತಂದೆವು. ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಬೀಗರೂಟ. ನಮ್ಮ ಕಡೆ ಮದುವೆಯಲ್ಲಿ ಓಲಗದವರು ತಡವಾಗಿ ಬಂದರೂ ಕ್ಷಮೆಯುಂಟು. ಬೀಗರ ಎಲೆಗೆ ತುಂಡು ಕಡಿಮೆಯಾದರೆ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಅಪ್ಪ ಕರಿಯಪ್ಪನವರ ಮಾನ ಕಾಯಲೆಂದು ನಾನು ಕಂಪ್ಯೂಟರಿನಲ್ಲಿ ಒಂದು ಪುಟ ಬರೆದೆ. ಅದರಲ್ಲಿ ಜನರ ಸಂಖ್ಯೆ ಬದಲಿಸಿದರೆ, ತಮ್ಮ ಕೃಪೆಯಿಂದ, ಮುದ್ದೆಯ ಲೆಕ್ಕವೂ ಕುರಿಯ ಲೆಕ್ಕವೂ ತಾವಾಗಿಯೇ ಬದಲಾಗುತ್ತಿದ್ದವು.

ಕುರಿಯನ್ನು ಇಡಿಯಾಗಿಯೇ ಹಿಡಿಯಬೇಕಲ್ಲ, ಹಾಗಾಗಿ ಲೆಕ್ಕದಲ್ಲಿ ಯಾವಾಗಲೂ ಒಂದಿಷ್ಟು ಮಾಂಸ ಮಿಗುತ್ತಿತ್ತು. ಅದನ್ನು ಕಂಡ ಅಪ್ಪ, "ಮಿಕ್ಕುದ್ನ ಯಾಕವ್ವ ದಂಡ ಮಾಡಾದು, ಇನ್ನೊಂದ್ ಮನೆಯೋರ್ನ ಕರ್ದ್‌ಬುಡು" ಎಂದರು. ವಿಧೇಯ ಮಗಳಾದ ನಾನು ಎಫೆಕ್ಟ್ ಎಂಬ ಕಟ್ಟಳೆಯೊಂದನ್ನು ಬರೆದೆ: ಮಾಂಸ ಮಿಕ್ಕರೆ ಅಪ್ಪನ ಫೋನಿನಿಂದ ಇನ್ನೊಂದು ನಂಬರು ಆರಿಸಿ ಕರೆಯೋಲೆ ಕಳಿಸತಕ್ಕದ್ದು. ಜನ ಹೆಚ್ಚಿದರು, ಕುರಿ ಹೆಚ್ಚಿತು, ಮಾಂಸ ಮಿಕ್ಕಿತು, ಮತ್ತೆ ಜನ ಹೆಚ್ಚಿದರು. ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಕಿರುಗಾವಲಿನ ಗೊಬ್ಬರದಂಗಡಿಯವರನ್ನೂ, ಮೋಟರು ರಿಪೇರಿಯವರನ್ನೂ, ಶಿವನಸಮುದ್ರದ ಕರೆಂಟಿನವರನ್ನೂ, ಲೋನು ಬೇಕೇ ಎಂದು ಫೋನು ಮಾಡುವ ಗುರುತಿಲ್ಲದ ಹುಡುಗಿಯನ್ನೂ ಸಕುಟುಂಬ ಸಪರಿವಾರವಾಗಿ ಆಹ್ವಾನಿಸಿ, ಫೋನಿನಲ್ಲಿ ನಂಬರು ಮುಗಿದ ಮೇಲಷ್ಟೇ ತಾವು ಉಸಿರು ಬಿಟ್ಟಿರಿ.

ಒಂದು ಕರೆಯೋಲೆ ಅಂಕಯ್ಯನವರಿಗೂ ಹೋಯಿತು. ಅವರು ಅಪ್ಪನಿಗೆ ದಾಯಾದಿ ತಮ್ಮ. ಗದ್ದೆ ಬದುವಿನ ಜಗಳದಲ್ಲಿ ಮಾತು ಬಿಟ್ಟು, ಒಂದೇ ಬೀದಿಯಲ್ಲಿದ್ದೂ ಮುಖ ತಿರುಗಿಸಿಕೊಂಡು ಓಡಾಡುವವರು.

ಇತ್ತ ಸೋದರತ್ತೆ ಹೊಂಬಾಳಮ್ಮ, ಜನ ಹೆಚ್ಚುವ ಮೊದಲೇ ಪುಟದ ಫೋಟೊ ಹೊಡೆದು ಮಳವಳ್ಳಿಯ ಕುರಿಯವರಿಗೆ ಕಳಿಸಿಯಾಗಿತ್ತು. ಒಮ್ಮೆ ನಕಲು ಮಾಡಿಕೊಂಡ ಅಂಕಿ ಆಮೇಲೆ ತಮ್ಮ ಮಾತು ಕೇಳುವುದಿಲ್ಲವೆಂದು ಅತ್ತೆಗೆ ಯಾರು ಹೇಳಬೇಕಿತ್ತು? ಜನ ತಮ್ಮ ಲೆಕ್ಕದಂತೆ ಬರುವವರಿದ್ದರು, ಕುರಿ ಅತ್ತೆಯ ಫೋಟೊದಂತೆ ಬಂದವು. ಹಿಂದಿನ ಸಂಜೆ "ಬತ್ತೀವಿ ಕಣಣ್ಣ" ಎಂಬ ಫೋನುಗಳು ಮೇಲಿಂದ ಮೇಲೆ ಬರತೊಡಗಿದಾಗ ಸಂಗತಿ ತಿಳಿಯಿತು. ಬೇರೆ ಕುರಿ ಎಲ್ಲಿಯೂ ಸಿಗಲಿಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತರು, ನನಗೆ ಅಳು ಬಂತು.

ಆಗ ಅಂಕಯ್ಯ ತಮ್ಮ ಕೊಟ್ಟಿಗೆಯ ಟಗರುಗಳನ್ನು ಹೊಡೆದುಕೊಂಡು ಬಂದು, "ಮಾತ್ ಬುಟ್ಟಿದ್ ಮನೆಗೆ ಬರಿಗೈಲಿ ಎಂಗ್ ಬರದಣ್ಣ" ಎಂದು ಬಾಗಿಲಲ್ಲಿ ನಿಂತರು. ಅಪ್ಪ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ಅಪ್ಪ, "ಒಳಿಕ್ ಬಾ" ಎಂದರು. ಮಾರನೆಯ ದಿನ ಮದ್ದೂರಿನ ಬೀಗರು ಎಲೆ ಮುಂದೆ ಕೂತು, ಸಾಕು ಸಾಕೆಂದು ಕೈ ಅಡ್ಡ ಹಿಡಿದರು.

ಆದ್ದರಿಂದ ತಮ್ಮಲ್ಲಿ ವಿನಂತಿ. ಮುಂದಿನ ಆವೃತ್ತಿಯಲ್ಲಿ ಕುರಿಗಳು ಕಾಲು, ಅರೆ, ಮುಕ್ಕಾಲಾಗಿಯೂ ಮೇಯುವಂತೆ ಏರ್ಪಾಡು ಮಾಡಬೇಕು. ಫೋಟೊಗಳಿಗೂ ತಮ್ಮ ಮಾತು ಕೇಳುವ ಕಿವಿ ಕೊಡಬೇಕು. ಮತ್ತು ನಮ್ಮಪ್ಪನಂಥವರು, ಬದುವಿನ ಮೇಲೆ ಎಂದೋ ಕೇಳಿದ ಒಂದು ಮಾತನ್ನು ಅಂದೇ ನಕಲು ಮಾಡಿಟ್ಟುಕೊಂಡು, ಆಡಿದ ಮನುಷ್ಯ ಆಮೇಲೆ ಏನಾದನೆಂದು ತಿರುಗಿಯೂ ನೋಡದವರು, ತಮ್ಮ ವ್ಯವಸ್ಥೆಗೆ ಒಗ್ಗುವರೇ ಎಂದು ದಯವಿಟ್ಟು ತಿಳಿಸಬೇಕು.

ಇಷ್ಟಾದರೂ ತಮ್ಮನ್ನೇ ನೆಚ್ಚಿಕೊಂಡಿರುವ,
ತಮ್ಮ ವಿಶ್ವಾಸಿ
ಶೋಭಿತಾ

ಮರೆತ ಮಾತು: ಮುನಿಸಿನಲ್ಲಿ ಅಪ್ಪ ಫೋನಿನಿಂದ ಅಂಕಯ್ಯನವರ ಹೆಸರು ಅಳಿಸಿದ್ದರು, ನಂಬರು ಅಳಿಸಲು ಮನಸ್ಸು ಬಂದಿರಲಿಲ್ಲ. ಹೆಸರು ಸಿಗದ ತಾವು, ಇಲ್ಲದ್ದಕ್ಕೆಲ್ಲ ಇಡುವ ತಮ್ಮ ಮಾಮೂಲಿ ಹೆಸರು ಹಿಡಿದು, ಅವರಿಗೆ "ಪ್ರೀತಿಯ ಅನ್‌ಡಿಫೈನ್ಡ್ ಅವರಿಗೆ" ಎಂದು ಕರೆಯೋಲೆ ಬರೆದಿರಿ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಅವರು ಅದನ್ನು ನನಗೆ ತೋರಿಸಿ, "ಇದೇನ್ ಮಗ, ಬಯ್ಗುಳವಾ, ನಂಟಸ್ತನವಾ?" ಎಂದು ಕೇಳಿದರು. ಅದಕ್ಕೆ ಚಿಕ್ಕಪ್ಪ ಎಂದರ್ಥ ಎಂದು ಹೇಳಿದ್ದೇನೆ. ತಮ್ಮ ಕೈಪಿಡಿಯಲ್ಲಿ ಬೇರೇನಾದರೂ ಬರೆದಿದ್ದರೆ ಕೂಡಲೇ ತಿದ್ದಿಕೊಳ್ಳಿ.